ಮೂರು ಮನೆಗಳ ನಾಯಿ

"ಇದಕ್ಕೆ ಏನು ಹಚ್ಚಿದ್ದೀರಿ?"

ಪಶು ಆಸ್ಪತ್ರೆಯ ಡಾಕ್ಟರು ನಾಯಿಯ ಬೆನ್ನ ಮೇಲೆ ಬೆರಳಾಡಿಸಿ ಮೂಸಿದರು. ಅವರ ಮೂಗು ಸೊಟ್ಟಗಾಯಿತು.

ಎದುರುಮನೆಯ ಹುಸೇನಮ್ಮ ತೇಜಶ್ರೀಯ ಮುಖ ನೋಡಿದರು. ತೇಜಶ್ರೀ ಅಜ್ಜಿಯ ಮುಖ ನೋಡಿದಳು. ಅಜ್ಜಿ ಗೋಡೆ ನೋಡಿದರು.

"ನಾನು ಅರಿಶಿನ, ಬೇವಿನೆಣ್ಣೆ ಹಚ್ಚಿದ್ದು ಕಣಪ್ಪ," ಎಂದರು ಅಜ್ಜಿ. "ಅದ್ರಲ್ಲಿ ತಪ್ಪೇನು?"

"ನಾನು ಗಂಧಕ, ಕೊಬ್ಬರಿ ಎಣ್ಣೆ," ಎಂದರು ಹುಸೇನಮ್ಮ. "ಮೂಲೆಮನೆ ಶಾಂತಕುಮಾರಿ ಫಿನಾಯಿಲ್ ನೀರು ಹಾಕಿದ್ಲಂತೆ ಸಾಬ್."

"ಮತ್ತೆ ಈ ಕರೀದು?"

"ಗಾಡಿ ಆಯಿಲ್ ಸರ್," ಎಂದಳು ತೇಜಶ್ರೀ, ಸಣ್ಣ ದನಿಯಲ್ಲಿ. "ಗ್ಯಾರೇಜಲ್ಲಿ ಸ್ಕೂಟರಿಂದ ತೆಗೆದಿರ್ತಾರಲ್ಲ, ಹಳೇದು. ಒಂದೇ ದಿನಕ್ಕೆ ವಾಸಿಯಾಗತ್ತೆ ಅಂತ ನಮ್ ಕ್ಲಾಸಲ್ಲಿ ಹೇಳಿದ್ರು."

"ನಾಯಿ ಅಂದ್ಕೊಂಡ್ರಾ, ಒಗ್ಗರಣೆ ಬಾಣಲೆ ಅಂದ್ಕೊಂಡ್ರಾ?"



ಇದು ತೊಂಬತ್ತಾರನೇ ಇಸವಿಯ ಮಾತು. ಆಗ ಜೋಗುಪಾಳ್ಯದ ಆ ಗಲ್ಲಿಯ ಮನೆಗಳಿಗೆ ಗೇಟುಗಳಿರಲಿಲ್ಲ. ಬಾಗಿಲುಗಳೂ ಹಗಲೆಲ್ಲ ತೆರೆದೇ ಇರುತ್ತಿದ್ದವು. ಈ ನಾಯಿ ಬೆಳಿಗ್ಗೆ ತೇಜಶ್ರೀಯ ಮನೆಯಲ್ಲಿ ರಾಜು ಎನಿಸಿಕೊಂಡು ತಂಗಳು ಮುದ್ದೆ ತಿನ್ನುತ್ತಿತ್ತು. ಮಧ್ಯಾಹ್ನ ಶಾಂತಕುಮಾರಿಯ ಮನೆಯಲ್ಲಿ ಮಣಿ ಎನಿಸಿಕೊಂಡು ಸಾಂಬಾರನ್ನ ತಿನ್ನುತ್ತಿತ್ತು. ಸಂಜೆ ಹುಸೇನಮ್ಮನ ಮನೆಯಲ್ಲಿ ಷೇರು ಎನಿಸಿಕೊಂಡು ಮೂಳೆ ಕಡಿಯುತ್ತಿತ್ತು. ಯಾವ ಹೆಸರಿಗೂ ಬಾಲ ಆಡಿಸಲು ಮರೆಯುತ್ತಿರಲಿಲ್ಲ.

ಅದಕ್ಕೆ ತುರಿಕೆ ಹತ್ತಿತು. ಕೂತರೆ ಕೆರೆತ, ನಿಂತರೆ ಕೆರೆತ. ಕಿವಿಯ ಅಂಚಿನ ಕೂದಲು ಉದುರಿ ರಕ್ತ ಜಿನುಗಿತು. ತಕ್ಷಣ ಮೂರು ಮನೆಯವರೂ ವೈದ್ಯರಾಗಿಬಿಟ್ಟರು. ಒಬ್ಬರು ಹಚ್ಚಿದ್ದು ಆಗ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಕೇಳುವ ಬುದ್ಧಿ ಒಬ್ಬರಿಗಾದರೂ ಬರಬೇಕಲ್ಲ!

ಡಾಕ್ಟರು ಬ್ಲೇಡಿನಿಂದ ನಾಯಿಯ ಚರ್ಮವನ್ನು ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಯ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಆಮೇಲೆ ತೇಜಶ್ರೀಯನ್ನೂ ಕರೆದರು. ಅಲ್ಲೊಂದು ಗುಂಡನೆಯ ಹುಳ ಮೋಟು ಕಾಲುಗಳನ್ನು ಆಡಿಸುತ್ತಿತ್ತು.

"ಕಜ್ಜಿ ಹುಳ. ಬರೀ ಕಣ್ಣಿಗೆ ಕಾಣಲ್ಲ. ಚರ್ಮ ಕೊರ್ಕೊಂಡು ಒಳಗೆ ಸೇರ್ಕೊಳ್ಳುತ್ತೆ, ಅದಕ್ಕೇ ತುರಿಕೆ. ನೀನು ಆಯಿಲ್ ಸುರಿದ್ರೆ ಚರ್ಮ ಸುಡತ್ತೆ. ನೆಕ್ಕಿದ್ರೆ ಹೊಟ್ಟೆಗೂ ವಿಷ."

ತೇಜಶ್ರೀ ತನ್ನ ಅಂಗೈ ನೋಡಿಕೊಂಡಳು.

"ವಾರಕ್ಕೊಂದು ಇಂಜೆಕ್ಷನ್, ನಾಲ್ಕು ವಾರ. ಅದು ಮಲಗೋ ಗೋಣಿಚೀಲ ಸುಟ್ಟುಹಾಕಿ. ಬೇರೆ ಏನೂ ಹಚ್ಚೋ ಹಾಗಿಲ್ಲ. ಒಂದೇ ಮನೇಲಿ ಕಟ್ಟಿ, ಒಬ್ರೇ ನೋಡ್ಕೋಬೇಕು." ಡಾಕ್ಟರು ಚೀಟಿ ತೆಗೆದರು. "ಯಾರ ಮನೆ ನಾಯಿ?"

"ನಮ್ಮದು," ಎಂದಳು ತೇಜಶ್ರೀ.

"ನಮ್ದು," ಎಂದರು ಹುಸೇನಮ್ಮ.

ಎರಡು ಮಾತೂ ಒಟ್ಟಿಗೇ ಬಿದ್ದವು. ಡಾಕ್ಟರ ಪೆನ್ನು ನಿಂತಿತು.

"ಯಾರ ಕೈಯಿಂದ ತಿನ್ನುತ್ತೋ ಅವರ ಹೆಸರು ಬರೀತೀನಿ."

ತೇಜಶ್ರೀ ಜೇಬಿನಿಂದ ಬಿಸ್ಕೆಟ್ ತೆಗೆದು ಚಾಚಿದಳು. "ರಾಜೂ, ಬಾರೋ."

ನಾಯಿ ಆ ಕೈಯನ್ನು ನೋಡಿತು. ಕಿವಿ ಹಿಂದಕ್ಕೆ ಮಡಚಿ, ಹುಸೇನಮ್ಮನ ಸೀರೆಯ ಹಿಂದೆ ಸರಿಯಿತು.

ಆಯಿಲ್ ಬಳಿದ ದಿನ ಅದು ಕಿರುಚಿಕೊಂಡು ಓಡಿತ್ತು. ತೇಜಶ್ರೀ ಅಟ್ಟಿಸಿಕೊಂಡು ಹೋಗಿ, ಹಿಡಿದು, ಮತ್ತೊಮ್ಮೆ ಬಳಿದಿದ್ದಳು. ಒಳ್ಳೇದಕ್ಕೇ ಅಲ್ಲವೇ ಎಂದುಕೊಂಡಿದ್ದಳು.

"ಇನ್ನೊಂದ್ಸಲ ಕರಿ ಬೇಟಿ, ಬರತ್ತೆ," ಎಂದರು ಹುಸೇನಮ್ಮ.

ತೇಜಶ್ರೀ ಬಿಸ್ಕೆಟನ್ನು ಅವರ ಕೈಗಿಟ್ಟಳು. ನಾಯಿ ತಿಂದಿತು.

"ಬರ್ಕೊಳ್ಳಿ ಸರ್," ಎಂದಳು. "ನಾಯಿ ಹೆಸರು ಷೇರು. ಮನೆ ಹುಸೇನಮ್ಮಂದು."

ಆಟೋದಲ್ಲಿ ಅಜ್ಜಿ ಗೊಣಗಿದರು. "ನಮ್ ಮುದ್ದೆ ತಿಂದು ಬೆಳೆದಿದ್ದು."

"ಸುಮ್ನಿರಜ್ಜಿ."

ಮಾರನೆಯ ದಿನ ತೇಜಶ್ರೀ ಮೂಲೆಮನೆಗೆ ಹೋಗಿ, ಫಿನಾಯಿಲ್ ಹಾಕಬೇಡಿ ಆಂಟಿ ಎಂದು ಹೇಳಿ ಬಂದಳು. ಅಜ್ಜಿಯ ಬೇವಿನೆಣ್ಣೆ ಬಾಟಲಿಯನ್ನು ಅಟ್ಟದ ಮೇಲಿಟ್ಟಳು. ದಿನಾ ಸ್ಕೂಲಿಂದ ಬಂದು ತನ್ನ ಮನೆಯ ಮೆಟ್ಟಿಲ ಮೇಲೆ ಕೂತು, ಎದುರುಮನೆಯ ಕಂಬಕ್ಕೆ ಕಟ್ಟಿದ್ದ ನಾಯಿಯನ್ನು ನೋಡುತ್ತಿದ್ದಳು. ಕರೆಯುತ್ತಿರಲಿಲ್ಲ.

ನಾಲ್ಕನೆಯ ಇಂಜೆಕ್ಷನ್ ಮುಗಿದು, ಡಾಕ್ಟರು ಹೂಂ ಎಂದ ಮೇಲೆ ಹುಸೇನಮ್ಮ ಹಗ್ಗ ಬಿಚ್ಚಿದರು. ನಾಯಿ ಮೈ ಕೊಡವಿತು. ಗಲ್ಲಿಯ ನಡುವೆ ನಿಂತು ಯೋಚಿಸಿತು. ಮೆಲ್ಲಗೆ ಬಂದು ತೇಜಶ್ರೀಯ ಕಾಲು ಮೂಸಿ, ಪಾದದ ಮೇಲೆ ಗದ್ದವಿಟ್ಟು ಮಲಗಿತು. ಕಿವಿಯ ಅಂಚಿನಲ್ಲಿ ಹೊಸ ಕೂದಲು ನವಿರಾಗಿ ಮೂಡಿತ್ತು.

ಅದನ್ನು ಸವರಲು ಅವಳ ಕೈ ಹಾತೊರೆಯಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿ ಕೂತಳು.

"ಮುಟ್ಟು ಬೇಟಿ, ಈಗೇನೂ ಆಗಲ್ಲ," ಎಂದರು ಹುಸೇನಮ್ಮ ಆಚೆಯಿಂದ.

"ಮಲಗಿದೆ ಆಂಟಿ."

ಅವಳ ಕಾಲು ಜೋಮು ಹಿಡಿಯಿತು. ಆದರೂ ಅಲುಗಾಡಲಿಲ್ಲ.