ಭಟ್ಟಿಯ ಒಳಗೋಡೆ

೧೯೭೪ರ ಫೆಬ್ರುವರಿ. ಚಪಳಗಾಂವದ ಚಂದ್ರಭಾಗಾ ಮುಂಜಾನೆಯೇ ಅಕ್ಕಲಕೋಟೆ ಠಾಣೆಗೆ ಬಂದಳು. ಅವಳ ಊರಲ್ಲೇ, ಸೊಲ್ಲಾಪುರದ ವ್ಯಾಪಾರಿ ಸಾತಲಿಂಗಪ್ಪ ಶೇಠರ ಎರಕದ ಕಾರ್ಖಾನೆಯಲ್ಲಿ ಲೋಹ ಕರಗಿಸುವ ಹೊಸ ಭಟ್ಟಿಯ ಒಳಗೋಡೆ ಕುಸಿದು ಅವಳ ಗಂಡ, ಮೇಸ್ತ್ರಿ ಹಣಮಂತಪ್ಪ, ಹಿಂದಿನ ದಿನ ಹೊತ್ತು ಮೂಡುವ ಮುಂಚೆ ಸತ್ತಿದ್ದ.

"ಶೇಠ ಅಪಘಾತ ಅಂತಾರ್ರಿ. ನನ್ನ ಗಂಡ ಕಟ್ಟಿದ್ದು ಹಂಗ ಬೀಳೂದಿಲ್ಲ."

ಫೌಜದಾರ ಮಲಕಾಜಪ್ಪ ಎಫ್‌ಐಆರ್ ಬರೆಸಿ, ಹವಾಲ್ದಾರ ಮಲ್ಲಯ್ಯನೊಂದಿಗೆ ಜೀಪಿನಲ್ಲಿ ಕಾರ್ಖಾನೆಗೆ ಹೊರಟರು.

ಎರಡಾಳೆತ್ತರದ ಉಕ್ಕಿನ ಭಟ್ಟಿ. ಉರಿ ಉಕ್ಕಿಗೆ ತಾಗದಂತೆ ಒಳಗೆಲ್ಲ ಸುಟ್ಟ ಮಣ್ಣಿನ ದಪ್ಪ ಬಿಲ್ಲೆಗಳನ್ನು ಕೊಕ್ಕೆಗೆ ಸಿಕ್ಕಿಸಿ, ಪಿನ್ನು ಹಾಕಿ ಬಿಗಿದಿದ್ದರು. ಪಂಚರ ಮುಂದೆ ಪಂಚನಾಮೆ ನಡೆಯಿತು. ಕೊಕ್ಕೆಗಳಲ್ಲಿ ಒಂದೂ ಬಾಗಿರಲಿಲ್ಲ; ಬಿಲ್ಲೆಗಳು ಅವುಗಳಿಂದ ಜಾರಿ ಬಿದ್ದಿದ್ದವು. ಮಲ್ಲಯ್ಯ ಬಿದ್ದ ಚೂರುಗಳನ್ನೆಲ್ಲ ಜರಡಿ ಹಿಡಿದ. ಒಂದು ಪಿನ್ನೂ ಸಿಗಲಿಲ್ಲ. ಮಲಕಾಜಪ್ಪ ಅಲ್ಲೇ ನಿಂತಿದ್ದ ಶೇಠರ ಕಡೆ ತಿರುಗಿದರು.

"ಲಗೂ ಭಟ್ಟಿ ಹಚ್ಚಬೇಕಂತ ಪಿನ್ನು ಹಾಕಿಸಿಲ್ಲೇನ್ರಿ, ಶೇಠ?"

"ಗ್ವಾಡಿ ಬೀಳೂ ಹಿಂದಿನ ಸಂಜೀಕ ನಾನ ನೋಡೇನ್ರಿ. ಎಲ್ಲಾ ಇದ್ದವು."

ಶೇಠರ ಕರವಸ್ತ್ರ ಬೆವರಿನಿಂದ ತೊಯ್ದಿತ್ತು. ಮಲಕಾಜಪ್ಪನವರಿಗೆ ನಂಬಿಕೆ ಬರಲಿಲ್ಲ.

"ಆಮ್ಯಾಲ ಒಳಗ ಯಾರು ಹೋದ್ರು?"

"ಅಮೋಗಸಿದ್ಧ, ಹಣಮಂತಪ್ಪನ ಜೋಡಿ ಕೆಲಸ ಮಾಡಾಂವ. ಗಾರೆ ಹಚ್ಚೂ ಕರಣಿ ಒಳಗ ಬಿಟ್ಟು ಬಂದೀನಿ ಅಂದ."

ಗೇಟಿನ ಕಾವಲುಗಾರನೂ ಅದನ್ನೇ ಹೇಳಿದ.

ಮುದುಕ ಅಮೋಗಸಿದ್ಧ ಸತ್ತವನ ಮನೆಯ ಮುಂದೆಯೇ ಕಂಬಳಿ ಹೊದ್ದು ಕೂತಿದ್ದ. ಬೇವಿನ ಮರದಡಿ ವಿಚಾರಣೆ ನಡೆಯಿತು.

"ಬಿಲ್ಲಿ ಯಾಕ ಬಿದ್ದವು?"

"ಪಿನ್ನು ಸಡ್ಲ ಆಗಿರಬೇಕ್ರಿ."

"ಸಡ್ಲ ಆದ್ರ ಅಲ್ಲೇ ಬೀಳತಾವ. ಒಂದೂ ಇಲ್ಲ. ಎಲ್ಲಿಟ್ಟಿ?"

ಒಳಗಿನಿಂದ ಚಂದ್ರಭಾಗಾಳ ಅಳು ಕೇಳಿಸಿತು. ಮುದುಕ ಎದ್ದು ಜೀಪಿನ ಕಡೆ ನಡೆದ. ಕಾರ್ಖಾನೆಯ ಹಿಂದಿನ ಮರಳಗುಡ್ಡೆಯಿಂದ ಪಿನ್ನಿನ ಗಂಟನ್ನು ತಾನೇ ತೆಗೆದುಕೊಟ್ಟ. ಜಪ್ತಿ ಪಂಚನಾಮೆ ಮುಗಿಸಿ, ಸಂಜೆ ಕೊಲೆಯಲ್ಲದ ನರಹತ್ಯೆಯ ಕಲಂ ೩೦೪ರ ಅಡಿ ಅವನನ್ನು ಬಂಧಿಸಿದರು.

ಠಾಣೆಯಲ್ಲಿ ನೀರು ಕುಡಿದ ಮೇಲೆ ಅವನೇ ಬಾಯಿ ಬಿಟ್ಟ. ಹಣಮಂತಪ್ಪ ಅವನ ಕೈಯಲ್ಲಿ ಕೆಲಸ ಕಲಿತವನು. ಶೇಠರು ಮೇಸ್ತ್ರಿಕೆ ಕೊಟ್ಟದ್ದು ಶಿಷ್ಯನಿಗೆ.

"ಖಾಲಿ ಭಟ್ಟ್ಯಾಗ ಬೀಳಲಿ, ಅವನ ಕೈ ಸರಿ ಇಲ್ಲಂತ ಮಂದಿ ಅನ್ನಲಿ ಅಂತ ಪಿನ್ನು ಕಿತ್ತೀನ್ರಿ. ಅಂವ ಸಾಯಲಿ ಅಂತಲ್ಲ."

"ಮತ್ತ ಅಂವ ಹೊತ್ತು ಮೂಡೂದ್ರಾಗ ಒಳಗ ಯಾಕ ಹೋದ?"

ಅಮೋಗಸಿದ್ಧ ಖಾಲಿ ಲೋಟವನ್ನು ನೆಲಕ್ಕಿಟ್ಟ.

"ಉರಿ ಹಚ್ಚೂಕಿಂತ ಮೊದಲ ಒಂದೊಂದ ಬಿಲ್ಲಿ ತಟ್ಟಿ ನೋಡಬೇಕಂತ ನಾನ ಕಲಿಸಿದ್ನಿರಿ."

ಮಲಕಾಜಪ್ಪ ಆ ಮಾತನ್ನೂ ಹೇಳಿಕೆಯಲ್ಲಿ ಬರೆಸಿದರು. ಮಲ್ಲಯ್ಯ ತಲೆ ಎತ್ತದೆ ಬರೆದ.