ದಿಬ್ಬ ಹತ್ತದ ನೀರು

ತೂಬಿನ ಕಂಬಿಗೆ ಎಲೆ ಸಿಕ್ಕಿಕೊಂಡಿದೆ ಎಂದುಕೊಂಡೇ ನೀರಜಾ ಕೊಳಕ್ಕೆ ಇಳಿದಳು. ಅದು ಎಲೆಯಾಗಿರಲಿಲ್ಲ.

ರಾತ್ರಿಯೆಲ್ಲ ಮಳೆ. ಹಂಟರ್ಸ್ ಗ್ಲೆನ್ ಬಡಾವಣೆಯ ಕೆಳಗಿನ ಮಳೆನೀರಿನ ಕೊಳ ಉಕ್ಕುತ್ತಿದೆ ಎಂದು ಬೆಳಿಗ್ಗೆಯೇ ದೂರು ಬಂದಿತ್ತು. ಆಲ್ಡನ್ ಕೌಂಟಿಯ ಮಳೆನೀರು ವಿಭಾಗದ ಎಂಜಿನಿಯರ್ ಎಂಬುದು ಹೆಸರಿಗೆ ದೊಡ್ಡ ಕೆಲಸ. ಆಳುಗಳು ಬಾರದ ದಿನ ರಬ್ಬರ್ ಬೂಟು ತೊಟ್ಟು ಕಂಬಿ ಕೆರೆಯುವವಳೂ ಅವಳೇ. ಗಂಡ ಮುರಳೀಧರ ಸೋಮವಾರ ವಿಮಾನ ಹತ್ತಿ ರೆಸ್ಟನ್ನಿನ ಪ್ರಾಜೆಕ್ಟಿಗೆ ಹೋದರೆ ವಾರದ ಕೊನೆಗೆ ಬರುವವನು. ಮಗಳು ಮಾನ್ಯಾಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ, ಅವಳು ಬಿಟ್ಟ ಅರ್ಧ ದೋಸೆಯನ್ನು ಸ್ಟಿಯರಿಂಗ್ ಹಿಡಿದುಕೊಂಡೇ ನುಂಗಿ, ನೀರಜಾ ಇಲ್ಲಿಗೆ ಬಂದಿದ್ದಳು.

ಕಂಬಿಗೆ ಅಂಟಿಕೊಂಡಿದ್ದದ್ದು ಉದ್ದನೆಯ ರಟ್ಟಿನ ಕಾರ್ಡುಗಳ ರಾಶಿ. ಒಂದನ್ನು ಬಿಡಿಸಿ ನೋಡಿದಳು. ಒಂದು ಸಣ್ಣ ಚೌಕದ ತೂತು. ಮೂಲೆಯಲ್ಲಿ ಅಚ್ಚು: ಮತಗಟ್ಟೆ ಹದಿನಾಲ್ಕು.

ಅದು ಓಟಿನ ಕಾರ್ಡು; ಇಲ್ಲಿ ಅಭ್ಯರ್ಥಿಯ ನಂಬರಿಗೆ ತೂತು ಹೊಡೆದು ಓಟು ಹಾಕುತ್ತಾರೆ. ನಿನ್ನೆಯಷ್ಟೇ ಕೌಂಟಿ ಕಮಿಷನರ್ ಸ್ಥಾನಕ್ಕೆ ಚುನಾವಣೆ ನಡೆದಿತ್ತು. ಹದಿನಾಲ್ಕನೇ ಮತಗಟ್ಟೆಯ ಮುಖ್ಯಸ್ಥರು ಶಾಂತಾರಾಮ ಅಂಕಲ್. ಅವಳ ಪಕ್ಕದ ಮನೆಯವರು. ಅವರ ಹೆಂಡತಿ ಜಲಜಾಕ್ಷಿ ಆಂಟಿ ದಿನಾ ಮಧ್ಯಾಹ್ನ ಮಾನ್ಯಾಳನ್ನು ನೋಡಿಕೊಳ್ಳದಿದ್ದರೆ ನೀರಜಾಳ ನೌಕರಿಯೇ ಇರುತ್ತಿರಲಿಲ್ಲ.

ಶೆರಿಫ್ ಕಚೇರಿಗೆ ಫೋನು ಮಾಡಿದಳು.

* * *

ತನಿಖಾಧಿಕಾರಿ ಡೇಲ್ ಪ್ರೂಯಿಟ್ ಕಾಫಿ ಕಪ್ ಹಿಡಿದೇ ಬಂದ. ನಿದ್ದೆಗೆಟ್ಟು ಅವನ ಕಣ್ಣುಗಳು ಕೆಂಪಗಿದ್ದವು.

"ಪೆಟ್ಟಿಗೆ ಸಿಕ್ತಾ?"

"ಇಲ್ಲ. ಕಾರ್ಡು ಮಾತ್ರ. ಏನಾಯಿತು?"

"ಹದಿನಾಲ್ಕರ ಆ ನಿಮ್ಮ ಮುದುಕ ರಾತ್ರಿ ಕೋರ್ಟ್‌ಹೌಸಿಗೆ ಬಂದು ವ್ಯಾನಿನ ಹಿಂಬಾಗಿಲು ತೆಗೆದ. ಪೆಟ್ಟಿಗೆ ಇಲ್ಲ. ಜೊತೆಗೆ ಇನ್ನೊಬ್ಬರು ಇರಬೇಕು ಅಂತ ನಿಯಮ. ಮತಗಟ್ಟೆಯ ಸಹಾಯಕಿ ಬರಬೇಕಿತ್ತು, ಆಕೆಗೆ ಮಂಡಿ ನೋವು, ಮನೆಗೆ ಕಳಿಸಿಬಿಟ್ಟನಂತೆ. ದಾರಿಯಲ್ಲಿ ಎಲ್ಲೂ ನಿಲ್ಲಿಸಲಿಲ್ಲ ಅಂತಾನೆ. ಹಾಗಾದರೆ ಪೆಟ್ಟಿಗೆಗೆ ರೆಕ್ಕೆ ಬಂತಾ?"

"ಅವರು ಕಳ್ಳರಲ್ಲ."

"ಸುಳ್ಳಂತೂ ಹೇಳ್ತಿದ್ದಾನೆ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಬೇರೆ ಹೆಸರು ಸಿಗದಿದ್ದರೆ ಅರೆಸ್ಟ್ ಮಾಡ್ತೀನಿ."

ಅಂಕಲ್ ಈ ದೇಶದ ಪ್ರಜೆಯಾಗಿ ಎರಡು ವರ್ಷವಾಗಿತ್ತು. ಕೌಂಟಿಯಲ್ಲಿ ಮತಗಟ್ಟೆ ನಡೆಸಿದ ಮೊದಲ ಭಾರತೀಯ ಅವರು. ನಿನ್ನೆ ಬೆಳಿಗ್ಗೆ ಟೈ ಕಟ್ಟಿಕೊಂಡು ಹೊರಟದ್ದನ್ನು ಬೀದಿಯೇ ನೋಡಿತ್ತು.

ಪ್ರೂಯಿಟ್ ಕಾರ್ಡುಗಳನ್ನು ಬೆಳಕಿಗೆ ಹಿಡಿದ. "ತೂತು ಏಳನೇ ನಂಬರಿಗಿದ್ದರೆ ಓಟು ಬಡ್ ಹ್ಯಾಸ್ಕೆಟ್‌ಗೆ. ಒಂಬತ್ತಾದರೆ ಯಶವಂತ್‌ಗೆ. ಇದು ಏಳು. ಇದೂ ಏಳು. ಇದೂ..."

ಆಲ್ಡನ್ ಕೌಂಟಿಯ ನಡುವೆ ಒಂದು ಉದ್ದನೆಯ ದಿಬ್ಬ. ದಿಬ್ಬದ ನೆತ್ತಿಯ ಮೇಲೆ ರೈಲು ಹಳಿ, ಕೋರ್ಟ್‌ಹೌಸ್, ಹಳೆಯ ಪೇಟೆ. ದಕ್ಷಿಣಕ್ಕೆ ದನದ ಹುಲ್ಲುಗಾವಲು, ಚರ್ಚು, ಮೂರು ತಲೆಮಾರಿನಿಂದ ಇದ್ದವರು. ಉತ್ತರಕ್ಕೆ ಅಲ್ಫರೆಟಾ ಪಟ್ಟಣದ ಕಡೆಯಿಂದ ಉಕ್ಕಿ ಬಂದ ಹೊಸ ಜನ, ಹೊಸ ಮನೆ, ಸಂಜೆಯಾದರೆ ಉಸಿರುಗಟ್ಟುವ ರಸ್ತೆ. ಹತ್ತು ವರ್ಷದಲ್ಲಿ ಕೌಂಟಿಯ ಜನಸಂಖ್ಯೆ ದುಪ್ಪಟ್ಟಾಗಿತ್ತು. ಹ್ಯಾಸ್ಕೆಟ್ ದಕ್ಷಿಣದ ರೈತ. 'ಇನ್ನು ಸಾಕು' ಎಂಬುದೇ ಅವನ ಘೋಷಣೆ. ಯಶವಂತ್ ಹಂಟರ್ಸ್ ಗ್ಲೆನ್‌ನಲ್ಲೇ ಇರುವ, ಮನೆ ಮಾರುವ ಏಜೆಂಟ್. 'ಇನ್ನೂ ಬರಲಿ' ಎನ್ನುವವನು. ಉತ್ತರದ ಹದಿನಾಲ್ಕನೇ ಮತಗಟ್ಟೆ ತನ್ನ ಜೇಬಿನಲ್ಲಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ.

"ವಿಚಿತ್ರ," ಎಂದ ಪ್ರೂಯಿಟ್. "ಕದ್ದವನು ಹ್ಯಾಸ್ಕೆಟ್ ಕಡೆಯವನು ಅಂತ ಎಲ್ಲರೂ ಅಂತಿದ್ದಾರೆ. ಅವನ ಓಟನ್ನೇ ಅವನು ಯಾಕೆ ನೀರಿಗೆ ಹಾಕ್ತಾನೆ?"

* * *

ಮಧ್ಯಾಹ್ನ ಕೋರ್ಟ್‌ಹೌಸ್ ಮೆಟ್ಟಿಲ ಮೇಲೆ ಟೀವಿಯವರ ಗುಂಪು. ನಡುವೆ ಯಶವಂತ್. ಕಡುನೀಲಿ ಸೂಟು, ಒದ್ದೆಯಾದ ಕಣ್ಣು.

"ಇದು ನಮ್ಮ ಜನದ ದನಿಯ ಕೊಲೆ! ಮರುಚುನಾವಣೆ ಆಗಲೇಬೇಕು!"

ಕ್ಯಾಮೆರಾ ಆರಿದ ಮೇಲೆ ಯಶವಂತ್, ಪ್ರೂಯಿಟ್ ಮತ್ತು ನೀರಜಾ ನಿಂತಿದ್ದಲ್ಲಿಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದ. "ಹೇಳಬಾರದು ಅಂತಿದ್ದೆ. ನಿನ್ನೆ ರಾತ್ರಿ ಮನೆಗೆ ಹೋಗುವಾಗ ನಾನೇ ನೋಡಿದೆ. ಜಾನ್ಸನ್ ಹಳ್ಳದ ಸೇತುವೆ ಮೇಲೆ ಕೆಂಪು ಪಿಕಪ್. ಹ್ಯಾಸ್ಕೆಟ್ ಸ್ಟಿಕ್ಕರ್ ಇತ್ತು. ಒಬ್ಬ ಏನನ್ನೋ ನೀರಿಗೆ ಸುರಿಯುತ್ತಿದ್ದ."

"ಕಾರ್ಡು ಸಿಕ್ಕಿದ್ದು ಅಲ್ಲಿ ಅಲ್ವಲ್ಲ?" ಎಂದ ಪ್ರೂಯಿಟ್.

"ರಾತ್ರಿಯೆಲ್ಲ ಮಳೆ ಸಾರ್. ತೇಲಿಕೊಂಡು ಬಂದಿರುತ್ತೆ."

ನಂತರ ನೀರಜಾಳ ಕಡೆ ತಿರುಗಿ ಕನ್ನಡಕ್ಕೆ ಇಳಿದ. "ನೀರಜಾ, ಅಂಕಲ್‌ಗೆ ಲಾಯರ್‌ನ ನಾನು ಅರೇಂಜ್ ಮಾಡ್ತೀನಿ. ಟೆನ್ಶನ್ ಬೇಡ ಅನ್ನಿ. ಯಾರ ಹತ್ರಾನೂ ಏನೂ ಮಾತಾಡ್ದೇ ಇದ್ರೆ ಸಾಕು."

ಆ ಮಾತು ಎಲ್ಲೋ ಚುಚ್ಚಿತು. ಆದರೆ ಮೂರು ಗಂಟೆಗೆ ಮೀಟಿಂಗಿತ್ತು, ಸಂಜೆಗೆ ಹಾಲು ಮುಗಿದಿತ್ತು. ಚುಚ್ಚಿದ್ದು ಅಲ್ಲೇ ಉಳಿಯಿತು.

* * *

ಶನಿವಾರ ಯುಗಾದಿ. ಕನ್ನಡ ಸಂಘದವರು ದಿಬ್ಬದ ಉತ್ತರಕ್ಕೆ ಒಂದು ಹಾಲ್ ಬಾಡಿಗೆಗೆ ಹಿಡಿದಿದ್ದರು. ಗುರುವಾರ ಸಂಜೆ ನೀರಜಾ ಮಾನ್ಯಾಳನ್ನು ಕರೆದೊಯ್ಯಲು ಅಲ್ಲಿಗೆ ಬಂದಾಗ ಜಲಜಾಕ್ಷಿ ಆಂಟಿ ಹಾಲ್‌ನ ಅಡುಗೆಮನೆಯಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ತೊಡೆಯೆತ್ತರದ ಪಾತ್ರೆ ಉಜ್ಜುತ್ತಿದ್ದರು. ಉಜ್ಜುವುದಕ್ಕಿಂತ ಹೆಚ್ಚು ಅಳುತ್ತಿದ್ದರು.

"ಮನೆಯಲ್ಲಿ ಕೂತರೆ ಇವರ ಮುಖ ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಊಟ ಇಲ್ಲ, ಮಾತಿಲ್ಲ. ಅದಕ್ಕೇ ಇಲ್ಲಿಗೆ ಬಂದೆ. ಇಲ್ಲಿ ನೋಡಿದರೆ ಈ ಪಾತ್ರೆ! ಎಂತ ಉಜ್ಜಿದರೂ ಹೋಗುದಿಲ್ಲ."

ಅಲ್ಯೂಮಿನಿಯಂ ಪಾತ್ರೆಯ ಒಳಮೈಯಲ್ಲಿ ಹಸಿರು ಗೀರುಗಳು. ಬಣ್ಣದ ಗೀರು.

"Mommy, can we go? ನಂಗೆ ಹಸಿವು," ಎಂದಳು ಮಾನ್ಯಾ.

"ಒಂದ್ನಿಮಿಷ ಪುಟ್ಟಾ. ಆಂಟಿ, ಈ ಪಾತ್ರೆ ನಿಮ್ದಲ್ವಾ? ಇಲ್ಲಿಗೆ ಯಾವಾಗ ಬಂತು?"

"ಮಂಗಳವಾರವೇ ಇವರ ವ್ಯಾನಿಗೆ ಹಾಕಿ ಕೊಟ್ಟಿದ್ದೆ, ಬರುವಾಗ ಹಾಲ್‌ನಲ್ಲಿ ಇಟ್ಟು ಬನ್ನಿ ಅಂತ."

"ಇಟ್ರಾ?"

"ಇಡದೆ ಪಾತ್ರೆ ನಡ್ಕೊಂಡು ಬಂತಾ? ನಿನ್ನೆ ಬೀಗ ತೆಗೆದರೆ ಇಲ್ಲೇ ಉಂಟು."

ನೀರಜಾ ಸ್ಟೂಲಿನ ಮೇಲೆ ಕುಳಿತಳು. ಮಂಗಳವಾರ ಇಡೀ ದಿನ ಅಂಕಲ್ ಮತಗಟ್ಟೆ ಬಿಟ್ಟು ಕದಲಿಲ್ಲ. ರಾತ್ರಿ ವ್ಯಾನು ಶೆರಿಫ್ ವಶಕ್ಕೆ ಹೋಯಿತು. ಪಾತ್ರೆ ಇಳಿದದ್ದು ನಡುವಿನ ದಾರಿಯಲ್ಲೇ. ಎಲ್ಲೂ ನಿಲ್ಲಿಸಲಿಲ್ಲ ಎಂದವರು ಇಲ್ಲಿ ನಿಲ್ಲಿಸಿದ್ದರು.

ಕೌಂಟಿಯ ಮತಪೆಟ್ಟಿಗೆಗಳೆಲ್ಲ ಹಸಿರು ತಗಡಿನವು.

"ಇನ್ನೊಂದು ಮಾತು ಹೇಳ್ತೇನೆ, ಇವರಿಗೆ ಹೇಳ್ಬೇಡ," ಆಂಟಿ ಮೂಗು ಒರೆಸಿಕೊಂಡರು. "ನಾನು ಆ ಯಶವಂತನಿಗೆ ಓಟು ಹಾಕ್ಲಿಲ್ಲ. ಆ ಬಡ್‌ಗೇ ಹಾಕಿದ್ದು. ಹಾಲು ತರ್ಲಿಕ್ಕೆ ಹೋದರೂ ಟ್ರಾಫಿಕ್. ನಾವು ಬಂದಾಯ್ತಲ್ಲ, ಇನ್ನು ಸಾಕು."

ಇಷ್ಟು ದುಃಖದ ನಡುವೆಯೂ ನೀರಜಾಳಿಗೆ ನಗು ಬಂತು. ಆಮೇಲೆ ನಗು ನಿಂತಿತು. ಕಂಬಿಯ ಮೇಲಿನ ಏಳನೇ ನಂಬರುಗಳೆಲ್ಲ ಯಾರವೆಂದು ಈಗ ತಿಳಿಯಿತು. ತಾವು ಒಳಗೆ ಬಂದಮೇಲೆ ಬಾಗಿಲು ಹಾಕಿಕೊಳ್ಳಬೇಕೆನ್ನುವ ಹೊಸಬರದು. ಯಶವಂತ್ ಹಿಂದೆ ಜೈ ಅನ್ನುತ್ತಿದ್ದ ಸಾಫ್ಟ್‌ವೇರ್ ಹುಡುಗರಿಗೋ ವೀಸಾ ಇತ್ತು, ಓಟಿರಲಿಲ್ಲ.

* * *

ಶಾಂತಾರಾಮ ಅಂಕಲ್ ಕತ್ತಲ ಕೋಣೆಯಲ್ಲಿ ಕುಳಿತಿದ್ದರು. ಇನ್ನೂ ಮಂಗಳವಾರದ ಶರ್ಟು.

"ಅಂಕಲ್, ಹಾಲ್ ಹತ್ರ ನಿಲ್ಲಿಸಿದ್ರಿ."

ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

"ಪಾತ್ರೆ ಒಳಗಡೆ ಇಟ್ಟಿದ್ದು ಯಾರು? ನಿಮ್ಮ ಬೆನ್ನಿಗೆ ಅದು ಆಗಲ್ಲ."

"ನೀರಜಾ, ಬಿಡು ಮಾರಾಯ್ತಿ."

"ನಾಳೆ ಮಧ್ಯಾಹ್ನ ನಿಮಗೆ ಕೈಕೋಳ ಹಾಕ್ತಾರೆ. ಆಂಟಿಗೆ ಯಾರಿದ್ದಾರೆ?"

ಅಂಕಲ್ ತಲೆ ತಗ್ಗಿಸಿಯೇ ಹೇಳಿದರು. "ಯಶವಂತ ಅಲ್ಲೇ ಇದ್ದ. ಅಂಕಲ್, ನೀವು ಅಡುಗೆಮನೆ ಬೀಗ ತೆಗೀರಿ, ನಾನು ಎತ್ಕೊಂಡು ಬರ್ತೀನಿ ಅಂದ. ಅವನು ಕ್ಯಾಂಡಿಡೇಟ್ ಅಲ್ವಾ? ಪೆಟ್ಟಿಗೆ ಇದ್ದ ವ್ಯಾನನ್ನು ಅವನು ಮುಟ್ಟಿದ ಅಂತ ಗೊತ್ತಾದರೆ ಅವನ ಸೀಟು ಹೋಗ್ತದೆ. ನಮ್ಮ ಜನದಿಂದ ಒಬ್ಬ ಅಷ್ಟು ಮೇಲೆ ಬರುವಾಗ ನಾನು ಅಡ್ಡ ಬರ್ಲಾ? ಬೈಗುಳ ನನಗೇ ಇರ್ಲಿ ಅಂತ..."

"ಪೆಟ್ಟಿಗೆ ತೆಗೆದದ್ದೂ ಅವನೇ ಇರಬಹುದು ಅಂತ ಅನ್ನಿಸ್ಲಿಲ್ವಾ?"

"ತನ್ನ ಓಟನ್ನು ತಾನೇ ಯಾರಾದರೂ ಕದೀತಾರಾ?"

"ಅವು ಅವನ ಓಟಲ್ಲ, ಅಂಕಲ್."

* * *

ಶುಕ್ರವಾರ ಬೆಳಿಗ್ಗೆ ಜಾನ್ಸನ್ ಹಳ್ಳದ ಸೇತುವೆ. ಕೆಳಗೆ ಕೆಮ್ಮಣ್ಣಿನ ನೀರು ಜೋರಾಗಿ ಹರಿಯುತ್ತಿತ್ತು. ಪ್ರೂಯಿಟ್ ಕೇಳಿದ, ಯಶವಂತ್ ತೋರಿಸಿದ.

"ಇಲ್ಲೇ ಸಾರ್. ಪಿಕಪ್ ನಿಂತಿದ್ದು ಇಲ್ಲೇ."

"ಖಚಿತವಾ?"

"ನೂರಕ್ಕೆ ನೂರು."

ನೀರಜಾ ಸೇತುವೆಯ ತಡೆಗೋಡೆಗೆ ಒರಗಿದಳು. ನಿದ್ದೆ ಇರಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಯಶವಂತ್, ಈ ನೀರು ಎಲ್ಲಿಗೆ ಹೋಗುತ್ತೆ?"

"ಅದೇ, ನಿಮ್ಮ ಕೊಳದ ಕಡೆಗೆ."

"ಇಲ್ಲ. ಇದು ಚಟ್ಟಹೂಚಿ ನದಿಗೆ ಸೇರಿ ಮೆಕ್ಸಿಕೋ ಕೊಲ್ಲಿಗೆ ಹೋಗುತ್ತೆ. ಹಂಟರ್ಸ್ ಗ್ಲೆನ್ ಇರೋದು ದಿಬ್ಬದ ಆಚೆ ಕಡೆ. ಅಲ್ಲಿ ಬಿದ್ದ ಮಳೆ ಅಟ್ಲಾಂಟಿಕ್‌ಗೆ ಹೋಗುತ್ತೆ. ನಮ್ಮ ಕೌಂಟಿಯ ಎರಡು ಮಗ್ಗುಲಿನ ನೀರು ಎಲ್ಲೂ ಸೇರೋದಿಲ್ಲ. ಇಲ್ಲಿ ಸುರಿದ ಕಾರ್ಡು ನನ್ನ ಕಂಬಿಗೆ ಬರಬೇಕಾದರೆ ದಿಬ್ಬ ಹತ್ತಿ, ರೈಲು ಹಳಿ ದಾಟಿ, ಕೋರ್ಟ್‌ಹೌಸ್ ಮುಂದೆ ನಡೆದು ಬರಬೇಕು."

ಯಶವಂತ್ ನಕ್ಕ. ನಗು ಅರ್ಧಕ್ಕೇ ನಿಂತಿತು. "ಹಾಗಾದ್ರೆ ಬೇರೆ ಎಲ್ಲೋ ಸುರಿದಿರ್ತಾರೆ."

"ಆ ಕೊಳಕ್ಕೆ ಯಾವ ಹಳ್ಳವೂ ಬರೋದಿಲ್ಲ. ನಿಮ್ಮ ಬಡಾವಣೆಯ ರಸ್ತೆಬದಿ ಮೋರಿಯ ನೀರು ಮಾತ್ರ ಬರುತ್ತೆ. ಸುಟ್ಟರೆ ಹೊಗೆ, ಕಸಕ್ಕೆ ಹಾಕಿದರೆ ಯಾರಾದರೂ ನೋಡ್ತಾರೆ. ಮಳೆ ಬರ್ತಿತ್ತು, ಮನೆ ಮುಂದೆ ಮೋರಿ ಬಾಯಿ. ನಾವು ಬೆಳೆದ ಬೀದಿಯಲ್ಲಿ ಮೋರಿಗೆ ಹೋದದ್ದು ಯಾರ ಕಣ್ಣಿಗೂ ಮತ್ತೆ ಬೀಳ್ತಿರಲಿಲ್ಲ. ಇಲ್ಲಿ ಅದು ಸೀದಾ ನನ್ನ ಕೈಗೇ ಬರುತ್ತೆ."

"ನಾನ್ಯಾಕೆ..."

"ಹದಿನಾಲ್ಕರ ಸಾಲು ಕರಗಿ ಪೆಟ್ಟಿಗೆ ಹೊರಡೋ ಹೊತ್ತಿಗೆ ಬೇರೆಲ್ಲ ಕಡೆ ಎಣಿಕೆ ಮುಗಿದಿತ್ತು. ನೀವು ಹಿಂದೆ ಇದ್ರಿ. ಜೈ ಅಂದವರಿಗೆ ಓಟಿಲ್ಲ ಅಂತ ನಿಮಗೂ ಗೊತ್ತಿತ್ತು; ಹದಿನಾಲ್ಕನ್ನೂ ಎಣಿಸಿದ್ದರೆ ಸೋಲಿನ ಜೊತೆಗೆ ನಗೆಪಾಟಲು. ಅದು ಕಳೆದುಹೋದರೆ ಮರುಚುನಾವಣೆ, ಮೇಲೆ ಅನುಕಂಪ. ಮಂಗಳವಾರ ಹಾಲ್ ಮುಂದೆ ಅಂಕಲ್ ಬೀಗ ತೆಗೆಯೋಕೆ ಹೋದಾಗ ಪೆಟ್ಟಿಗೆಯನ್ನ ಆಂಟಿಯ ಪಾತ್ರೆಯೊಳಗೆ ಇಳಿಸಿ, ಮುಚ್ಚಳ ಹಾಕಿ ಅವರ ಕಣ್ಣ ಮುಂದೇನೇ ಹೊತ್ತುಕೊಂಡು ಹೋದ್ರಿ. ಅವರು ಹೊರಟ ಮೇಲೆ ನಿಮ್ಮ ಕಾರಿಗೆ. ಪಾತ್ರೆಯ ಒಳಗೆ ಹಸಿರು ಬಣ್ಣ ಇನ್ನೂ ಇದೆ. ಆಂಟಿ ಎರಡು ದಿನದಿಂದ ಉಜ್ತಿದ್ದಾರೆ."

"ಪೆಟ್ಟಿಗೆ ಮೋರಿ ಬಾಯಲ್ಲಿ ಹಿಡಿಸೋದಿಲ್ಲ," ಎಂದ ಪ್ರೂಯಿಟ್. "ಅದಕ್ಕೇ ಇವರು ಎಲ್ಲ ಹೇಳಿದ ಮೇಲೆ ಬೆಳಿಗ್ಗೆ ಜಡ್ಜ್ ಹತ್ತಿರ ನಿಮ್ಮ ಮನೆಗೆ ಸರ್ಚ್ ವಾರಂಟ್ ತಗೊಂಡೆ."

ಅವನ ಸೊಂಟದ ರೇಡಿಯೋ ಗೊರಗೊರ ಎಂದಿತು. ಯಶವಂತನ ಗರಾಜು. ಪ್ರಚಾರದ ಬೋರ್ಡುಗಳ ಹಿಂದೆ, ಟಾರ್ಪಾಲಿನ ಕೆಳಗೆ ಹಸಿರು ಪೆಟ್ಟಿಗೆ.

ಯಶವಂತ್ ಸೇತುವೆಯ ಅಂಚಿನಲ್ಲೇ ಕುಳಿತುಬಿಟ್ಟ. ಸೂಟಿಗೆ ಕೆಸರು ಮೆತ್ತಿತು.

"ಅಂಕಲ್‌ಗೆ ಏನೂ ಆಗ್ತಿರಲಿಲ್ಲ ನೀರಜಾ. ಒಳ್ಳೇ ಲಾಯರ್‌ನ ಕೊಡ್ತಿದ್ದೆ. ಪ್ರಾಮಿಸ್."

"ಅವರು ನಿಮ್ಮನ್ನ ಉಳಿಸೋಕೆ ಜೈಲಿಗೆ ಹೋಗೋಕೂ ರೆಡಿ ಇದ್ರು," ಎಂದಳು ನೀರಜಾ. "ನಿಮಗೆ ಅದೂ ಗೊತ್ತಿತ್ತು."

ಅವನು ನೀರನ್ನೇ ನೋಡುತ್ತ ಕುಳಿತ.

ಹಿಂತಿರುಗುವಾಗ ಪ್ರೂಯಿಟ್ ಕೇಳಿದ. "ಇಷ್ಟೆಲ್ಲ ಗೊತ್ತಿರೋ ನೀವು ಯಾರಿಗೆ ಓಟು ಹಾಕಿದಿರಿ?"

"ನನಗೆ ಓಟಿಲ್ಲ. ಗ್ರೀನ್ ಕಾರ್ಡು. ಮೋರಿ ಮಾತ್ರ ನನ್ನದು."

* * *

ಮೇ ತಿಂಗಳಲ್ಲಿ ಮರುಚುನಾವಣೆ. ಕಣದಲ್ಲಿ ಹ್ಯಾಸ್ಕೆಟ್ ಮತ್ತು ಉತ್ತರದ ಒಬ್ಬ ಟೀಚರಮ್ಮ. ಕಳ್ಳತನದ ಆರೋಪ ಅಂಕಲ್ ಮೇಲಿನಿಂದ ಹೋಗಿತ್ತು. ಸುಳ್ಳು ಹೇಳಿದ್ದಕ್ಕೆ, ನಿಯಮ ಮುರಿದದ್ದಕ್ಕೆ ಮತಗಟ್ಟೆಯ ಕೆಲಸವೂ ಹೋಗಿತ್ತು. ಇನ್ನು ಅವರನ್ನು ಕರೆಯುವುದಿಲ್ಲ.

"ಓಟು ಹಾಕ್ಲಿಕ್ಕೆ ನಾನು ಬರುದಿಲ್ಲ. ಎಲ್ಲರೂ ನೋಡ್ತಾರೆ," ಎಂದರು ಅಂಕಲ್.

"ನೋಡ್ಲಿ. ನಂಗಂತೂ ಆಫೀಸಿಗೆ ಲೇಟಾಗ್ತಿದೆ, ಬೇಗ ಹತ್ತಿ," ಎಂದಳು ನೀರಜಾ.

ಅವರು ಒಳಗೆ ಹೋಗಿ ಟೈ ಕಟ್ಟಿಕೊಂಡು ಬಂದರು. ಮತಗಟ್ಟೆಯಿದ್ದ ಶಾಲೆಯ ಮುಂದೆ ಇಳಿದು, ಒಂದು ಗಳಿಗೆ ಬಾಗಿಲು ಹಿಡಿದು ನಿಂತು, ಸಾಲು ಸೇರಿದರು. ಮುಂದಿದ್ದ ಹೆಂಗಸು ತಿರುಗಿ ನೋಡಿದಳು. ಮಂಡಿ ನೋವಿನ ಆಕೆಯೇ. ಏನೋ ಹೇಳಿ ಅಂಕಲ್ ತೋಳು ಹಿಡಿದುಕೊಂಡಳು. ಇಬ್ಬರೂ ಒಟ್ಟಿಗೆ ಒಳಗೆ ಹೋದರು. ಕಾರಿನಲ್ಲಿ ನೀರಜಾ ಕಣ್ಣು ಮುಚ್ಚಿದಳು.

ಕಿಟಕಿ ತಟ್ಟಿದ ಸದ್ದಿಗೆ ಎಚ್ಚರವಾಯಿತು.

"ಆಯ್ತಾ ಅಂಕಲ್? ಯಾರಿಗೆ ಹಾಕಿದ್ರಿ?"

ಶಾಂತಾರಾಮ ಅಂಕಲ್ ಸೀಟ್ ಬೆಲ್ಟ್ ಹಾಕಿಕೊಂಡರು. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಅವರ ಕತ್ತು ನೆಟ್ಟಗಾಗಿತ್ತು.

"ಇಲ್ಲಿ ಹಾಗೆಲ್ಲ ಹೇಳ್ಲಿಕ್ಕಿಲ್ಲ ಮಾರಾಯ್ತಿ," ಎಂದರು. "ರೂಲ್ಸು."