ಅಳಿಲವ್ವನ ಬುತ್ತಿ

ಪಾರವ್ವನಿಗೆ ಅವ್ವ ಇರಲಿಲ್ಲ. ಅವ್ವನ ಧ್ವನಿಯಿದ್ದ ಒಂದು ಚಿತ್ರಪುಸ್ತಕವಿತ್ತು.

ಸಂಜೆ ಅಪ್ಪ ಫಕೀರಪ್ಪ ಅದನ್ನು ತೆರೆದರೆ ಹಾಳೆಯ ಮೇಲಿನ ಅಳಿಲು ಎದ್ದು ಕೂರುತ್ತಿತ್ತು. ಅವ್ವ ಸುವರ್ಣಾಳ ಧ್ವನಿ ಹಾಡುತ್ತಿತ್ತು:

ಅಳಿಲವ್ವ, ಅಳಿಲವ್ವ, ಎಲ್ಲಿಗೆ ಹೊಂಟಿ?
ತವರಿಗೆ ಹೊಂಟೇನಿ, ಬುತ್ತಿ ಕಟ್ಟು.

ಸಾಯುವ ಮುಂಚೆ ಆಸ್ಪತ್ರೆಯ ಹಾಸಿಗೆಯಲ್ಲಿ ಈ ಆರು ಸಾಲಿನ ಮನೆಹಾಡನ್ನು ಅವಳು ಪುಸ್ತಕಕ್ಕೆ ಹಾಡಿಕೊಟ್ಟಿದ್ದಳು. ನಡುವೆ ಎರಡು ಸಲ ಕೆಮ್ಮಿದ್ದಳು. ಕೊನೆಗೆ 'ಪಾರಿ, ಮಲಕೋ' ಎಂದಿದ್ದಳು.

ಗದಗಿನ ಮುದ್ರಣಾಲಯವೊಂದು ತಯಾರಿಸಿದ ಈ ಪುಸ್ತಕದ ಹೆಸರು ನಗೆಹಾಳೆ. ಕಾಗದದ ನಾರಿನಲ್ಲಿ ಹೆಣೆದ ಶ್ರವಣತಂತುಗಳು ಮಗುವಿನ ನಗೆಯನ್ನು ಅಳೆಯುತ್ತಿದ್ದವು. ಹಳೆಯ ಹಾಡನ್ನು ಪುಸ್ತಕ ಅದೇ ಧ್ವನಿಯಲ್ಲಿ ತಮಾಷೆಯಾಗಿ ತಿರುಚಿ, ಅದಕ್ಕೆ ತಕ್ಕ ಚಿತ್ರ ಬರೆದು, ಮಗು ನಕ್ಕ ಸಾಲನ್ನು ಉಳಿಸಿಕೊಳ್ಳುತ್ತಿತ್ತು. ಅಳಿಲವ್ವ ಬಸ್ಸು ಹತ್ತಿದಳು. ಕಂಡಕ್ಟರ್ ಬಾಲಕ್ಕೆ ಬೇರೆ ಅರ್ಧ ಟಿಕೆಟ್ ಕೇಳಿದ. ಪಾರವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಫಕೀರಪ್ಪನೂ ನಕ್ಕ. ಹೆಂಡತಿ ಸತ್ತ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಕೆಲವು ತಿಂಗಳ ನಂತರ ಒಂದು ಸಂಜೆ ಪಾರವ್ವ ಕೇಳಿದಳು: "ಅಪ್ಪಾ, ಅವ್ವ ಈಗ ಕೆಮ್ಮವಲ್ಲಳು. ಆರಾಮ ಆದಳೇನು?"

ಫಕೀರಪ್ಪ ಪುಸ್ತಕ ಮುಚ್ಚಿದ.

"ಹಂಗಾರ ಮನಿಗೆ ಬರ್ತಾಳಲ್ಲ?"

ಕೆಮ್ಮು ಹೋದ ಮೇಲೆ ಅವ್ವ ಬರುತ್ತಾಳೆ ಎಂದು ಹೇಳಿದ್ದವನು ಅವನೇ.

ಮರುದಿನ ಅವನು ಪುಸ್ತಕ ಹಿಡಿದು ಮುದ್ರಣಾಲಯಕ್ಕೆ ಹೋದ. ನಗೆಹಾಳೆಯನ್ನು ರೂಪಿಸಿದ ವಿಜ್ಞಾನಿ ತಬಸ್ಸುಮ್ ನದಾಫ್ ಅಲ್ಲಿದ್ದಳು.

"ಮೇಡಂ, ನಿಮ್ಮ ಬಸ್ಸು, ಕಂಡಕ್ಟರ್ ಎಲ್ಲಾ ತಗೀರಿ. ನನ್ನ ಹೆಂಡ್ತಿ ಹಾಡಿದ್ದಷ್ಟ ಉಳಸ್ರಿ."

ಅವಳು ಪುಸ್ತಕವನ್ನು ಯಂತ್ರದ ಮೇಲಿಟ್ಟು ಬಹಳ ಹೊತ್ತು ನೋಡಿದಳು.

"ಆಕಿ ಹಾಡಿದ್ದು ಉಳದಿಲ್ಲರಿ. ಹಾಳ್ಯಾಗ ಜಾಗ ಕಡಿಮಿ. ಹೊಸ ಸಾಲು ಬಂದ್ರ ಹಳೇದು ಅಳಿಸಿ ಹೋಗ್ತದ."

"ಆಕಿ ಸಾಲು ಯಾಕ ಅಳಿಸ್ತ್ರಿ ಅದು? ನನ್ನ ಮಗಳಿಗೆ ಅವ ಭಾಳ ಸೇರ್ತಿದ್ದುವು."

"ಕೇಳುವಾಗ ನಗ್ತಿದ್ಲೇನ್ರಿ?"

"ನಗೂ ಹಾಡೇನ್ರಿ ಅದು? ಉಸುರು ಬಿಗಿ ಹಿಡಿದು ಸುಮ್ಮನ ಕೇಳ್ತಿದ್ಲು."

ತಬಸ್ಸುಮ್ ಕನ್ನಡಕ ತೆಗೆದಳು. "ಮಕ್ಕಳು ಸುಮ್ಮನಾದ್ರ ಬ್ಯಾಸರ ಬಂದದ ಅಂತ ಅದಕ್ಕ ಕಲಿಸೇವ್ರಿ ನಾವು." ಯಂತ್ರದಿಂದ ಪುಸ್ತಕ ಎತ್ತಿಕೊಂಡು ಹೇಳಿದಳು: "ಬೇಕಂದ್ರ ಅದ ಧ್ವನ್ಯಾಗ ಮತ್ತ ಹಾಡಸ್ತೀನಿ. ಕೆಮ್ಮೂ ಹಾಕ್ತೀನಿ."

"ನೀವು ಹಾಕಿದ್ದು ಆಕಿ ಕೆಮ್ಮು ಆಗ್ತದೇನ್ರಿ?"

ಅವಳು ಪುಸ್ತಕವನ್ನು ಅವನ ಕೈಗೆ ಕೊಟ್ಟಳು.

ಮನೆಯಲ್ಲಿ ಪಾರವ್ವ ಕರವಸ್ತ್ರದಲ್ಲಿ ಚುರುಮುರಿ ಬುತ್ತಿ ಕಟ್ಟಿಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. "ಅವ್ವ ಹಸದ ಬರ್ತಾಳ," ಎಂದಳು.

"ಅವ್ವ ಬರೂದಿಲ್ಲ, ಪಾರಿ. ಸತ್ತಾಳ."

ಪಾರವ್ವ ಅಳಲಿಲ್ಲ. ಸುಮ್ಮನೆ ಕೂತಳು. ಅವನ ಕೈಯಲ್ಲಿ ತೆರೆದೇ ಇದ್ದ ಪುಸ್ತಕ ಆ ಮೌನವನ್ನು ಬೇಸರವೆಂದು ಎಣಿಸಿ, ಸುವರ್ಣಾಳ ಧ್ವನಿಯಲ್ಲಿ ಕಂಡಕ್ಟರನ ಹೊಸ ತಮಾಷೆ ಶುರುಮಾಡಿತು.

ಹೋದದ್ದು ಆರು ಸಾಲು, ಎರಡು ಕೆಮ್ಮು, ಒಂದು 'ಪಾರಿ, ಮಲಕೋ'.